ಎದೆ ತೆರೆದ ಮೇಲೂ ಎಕೋ ಯಾಕೆ ಬೇಕು?

ಉಡುಪಿಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಕೊಡಲಾಗದ ಕಾರಣ ಅಲ್ಲಲ್ಲಿ ನಾಲ್ಕು ಮಾತು ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.

ಹೃದಯದ ಆಪರೇಷನ್ ಆಗುವವರ ಮನೆಯವರನ್ನು ಹಿಂದಿನ ಸಂಜೆ ಭೇಟಿಯಾಗಿ ಅರಿವಳಿಕೆಯ ವಿಷಯ ವಿವರಿಸುವುದು ನನ್ನ ಕೆಲಸ. ಅನ್ನನಾಳದೊಳಗೆ ಒಂದು ಪ್ರೋಬ್, ಅಂದರೆ ಶಬ್ದ ಕಳಿಸಿ ಮರಳಿದ್ದನ್ನು ಕೇಳಿಸಿಕೊಳ್ಳುವ ಕೊಳವೆ, ಇಳಿಸಿ ಎಕೋ ಮಾಡುತ್ತೇವೆ, ಅಂದರೆ ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುತ್ತೇವೆ ಎಂದ ಕೂಡಲೇ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: "ಎಕೋ ಆಗಲೇ ಎರಡು ಸಲ ಆಗಿದೆಯಲ್ಲ ಡಾಕ್ಟರೇ. ನಾಳೆ ಎದೆಯನ್ನೇ ತೆರೆಯುತ್ತೀರಿ, ಹೃದಯ ಕಣ್ಣಿಗೇ ಕಾಣುತ್ತದೆ. ಮತ್ತೆ ಎಕೋ ಯಾಕೆ?" ಬಿಲ್ಲಿನಲ್ಲಿ ಇನ್ನೊಂದು ಸಾಲು ಸೇರುತ್ತದೆಂಬ ಅಳುಕೂ ಆ ಪ್ರಶ್ನೆಯಲ್ಲಿ ಇರುತ್ತದೆ. ಅದು ಸಹಜವೇ.

ಪ್ರಶ್ನೆ ಬಹಳ ಸರಿಯಾದದ್ದು. ಎದೆ ತೆರೆದಾಗ ಶಸ್ತ್ರಚಿಕಿತ್ಸಕರಿಗೆ ಕಾಣುವುದು ಬಡಿಯುತ್ತಿರುವ ಹೃದಯದ ಹೊರಮೈ, ಅದರಲ್ಲೂ ಹೆಚ್ಚಾಗಿ ಮುಂಭಾಗ. ರಕ್ತ ಹಿಂದಕ್ಕೆ ಹರಿಯದಂತೆ ಬಾಗಿಲಿನ ಹಾಗೆ ತೆರೆದು ಮುಚ್ಚುವ ಕವಾಟ ಒಳಗಿದೆ. ಅದನ್ನು ನೋಡಬೇಕಾದರೆ ರೋಗಿಯನ್ನು ಹೃದಯ, ಶ್ವಾಸಕೋಶಗಳ ಕೆಲಸವನ್ನು ಹೊರಗಿನಿಂದ ಮಾಡುವ ಹಾರ್ಟ್-ಲಂಗ್ ಮೆಷಿನ್‌ಗೆ ಜೋಡಿಸಿ, ಹೃದಯವನ್ನು ನಿಲ್ಲಿಸಿ, ರಕ್ತ ಬರಿದು ಮಾಡಿ ಗೋಡೆ ಕತ್ತರಿಸಬೇಕು. ಆಗ ಕವಾಟ ಕಾಣುತ್ತದೆ, ಆದರೆ ಕೆಲಸ ಮಾಡದೆ ಸುಮ್ಮನೆ ಬಿದ್ದಿರುತ್ತದೆ. ಯಾವ ದಳ ಎತ್ತ ಹಾರುತ್ತಿತ್ತು, ರಕ್ತ ಯಾವ ಸಂದಿಯಿಂದ ಹಿಂದಕ್ಕೆ ನುಗ್ಗುತ್ತಿತ್ತು ಎಂಬುದು ಬರಿದಾದ, ನಿಂತ ಹೃದಯದಲ್ಲಿ ತಿಳಿಯುವುದಿಲ್ಲ. ಶಸ್ತ್ರಚಿಕಿತ್ಸಕರು ಉಪ್ಪುನೀರು ತುಂಬಿಸಿ ಸೋರುತ್ತದೆಯೇ ಎಂದು ಪರೀಕ್ಷಿಸುವುದುಂಟು. ಅದು ಒಂದು ಸೂಚನೆ ಮಾತ್ರ. ಹೃದಯ ತುಂಬಿಕೊಂಡು ಬಡಿಯುವಾಗ ಒಳಗೇನು ನಡೆಯುತ್ತದೆ ಎಂಬುದನ್ನು ಆಪರೇಷನ್ ಮೇಜಿನ ಮೇಲೆ ತೋರಿಸಲು ನಮಗಿರುವ ಮುಖ್ಯ ಸಾಧನ ಈ ಎಕೋ.

ಇವತ್ತು ನಾನು ಹೇಳಬೇಕೆಂದಿರುವುದು ಆ ಚಿತ್ರವನ್ನು ಚೆನ್ನಾಗಿಸುವ ಬಗೆಯನ್ನು. ಇದನ್ನು ಕೇಳಿದರೆ ಯಂತ್ರ ಮಾರುವವರು ಹೊಸ ಮಾದರಿ ಕೊಳ್ಳಿ ಎನ್ನುತ್ತಾರೆ. ಹೊಸ ಯಂತ್ರದ ಮೇಲೆ ನನಗೇನೂ ಕೋಪವಿಲ್ಲ, ಸಿಕ್ಕಿದರೆ ಸಂತೋಷ. ಆದರೆ ಮೇಜಿನ ಸುತ್ತ ನಿಂತವರ ನಡುವೆ ಹೊಂದಾಣಿಕೆ ಇಲ್ಲದಿದ್ದರೆ ಯಾವ ದುಬಾರಿ ಯಂತ್ರವೂ ಮಸುಕು ಚಿತ್ರವನ್ನೇ ಕೊಡುತ್ತದೆ. ಇನ್ನೂ ಕೆಟ್ಟದೆಂದರೆ, ಬಹಳ ಸುಂದರವಾದ ಸುಳ್ಳು ಚಿತ್ರವನ್ನು ಕೊಡುತ್ತದೆ.

ಮೊದಲು ಸ್ವಲ್ಪ ಚರಿತ್ರೆ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯರ್ 1880ರಲ್ಲಿ ಕಂಡುಹಿಡಿದರು. ಅದೇ ಹರಳಿಗೆ ವಿದ್ಯುತ್ ಕೊಟ್ಟರೆ ಅದು ಕಂಪಿಸಿ ಶಬ್ದ ಹೊರಡಿಸುತ್ತದೆ. ಪಿಯರ್ ಕ್ಯೂರಿಯವರ ಶಿಷ್ಯ ಪಾಲ್ ಲಾಂಜೆವಾನ್ ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ಬಳಸಿ ನೀರಿನಡಿಯ ಜಲಾಂತರ್ಗಾಮಿಗಳನ್ನು ಪತ್ತೆ ಮಾಡುವ ಕೆಲಸಕ್ಕೆ ಇಳಿದರು. ಮುಂದೆ ಹಡಗುಕಟ್ಟೆಗಳಲ್ಲಿ ಲೋಹದೊಳಗಿನ ಬಿರುಕು ಹುಡುಕಲು ಇದೇ ತಂತ್ರ ಬಂತು. ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಹೃದ್ರೋಗ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಕಾರ್ಲ್ ಹೆಲ್ಮುತ್ ಹರ್ಟ್ಸ್ ಅಂಥ ಬಿರುಕು ಹುಡುಕುವ ಯಂತ್ರವನ್ನೇ ಎರವಲು ತಂದು ಎದೆಯ ಮೇಲಿಟ್ಟು ಹೃದಯದ ಚಲನೆಯನ್ನು ದಾಖಲಿಸಿದ್ದು 1953ರಲ್ಲಿ. ನಮ್ಮ ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಶುರುವಾದದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವೇನಿಲ್ಲ, ಕಾಲದ ಅಂದಾಜು ಸಿಗಲಿ ಎಂದು ಹೇಳಿದೆ.

ಈ ತಂತ್ರದ ಇನ್ನೊಂದು ಕವಲು ನಿಮಗೆ ಚೆನ್ನಾಗಿ ಗೊತ್ತು. ಮಲ್ಪೆ ದಕ್ಕೆಯಲ್ಲಿ ನಿಂತಿರುವ ಆಳಸಮುದ್ರದ ಬೋಟುಗಳಲ್ಲಿ ಫಿಶ್ ಫೈಂಡರ್ ಇದೆ. ಬೋಟಿನ ತಳದಿಂದ ಶಬ್ದ ಕೆಳಗಿಳಿದು ಮೀನಿನ ಹಿಂಡಿಗೆ ತಾಗಿ ಮರಳುತ್ತದೆ. ಮೀನು ಅಷ್ಟು ಸ್ಪಷ್ಟವಾಗಿ ಕಾಣಲು ಒಂದು ದೊಡ್ಡ ಕಾರಣ ಅದರ ಹೊಟ್ಟೆಯಲ್ಲಿರುವ ಗಾಳಿಚೀಲ, ಏಕೆಂದರೆ ಗಾಳಿಗೆ ತಾಗಿದ ಶಬ್ದ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದೆ ಬರುತ್ತದೆ. ಆದರೆ ಅಲೆಯ ಹೊಡೆತಕ್ಕೆ ಬೋಟಿನ ತಳದಲ್ಲೇ ನೊರೆ ತುಂಬಿಕೊಂಡರೆ? ಶಬ್ದ ಅಲ್ಲಿಂದಲೇ ವಾಪಸು, ಕೆಳಗಿನದು ಏನೂ ಕಾಣದು. ಇದನ್ನು ಬೋಟು ನಡೆಸುವ ಯಾವ ತಾಂಡೇಲನೂ ನನಗಿಂತ ಚೆನ್ನಾಗಿ ವಿವರಿಸಬಲ್ಲ. ನಮ್ಮ ಕಷ್ಟವೂ ಇದೇ. ಎದೆಯ ಮೇಲಿಂದ ನೋಡಲು ಹೊರಟರೆ ಪಕ್ಕೆಲುಬು ಅಡ್ಡ, ಗಾಳಿ ತುಂಬಿದ ಶ್ವಾಸಕೋಶ ಅಡ್ಡ. ಆಪರೇಷನ್ ನಡೆಯುವಾಗಲಂತೂ ಎದೆಯ ಮೇಲೆ ಪ್ರೋಬ್ ಇಡಲು ಜಾಗವೇ ಇಲ್ಲ, ಅಲ್ಲಿ ಶಸ್ತ್ರಚಿಕಿತ್ಸಕರ ಕೈ ಇರುತ್ತದೆ.

ಹಾಗಾಗಿ ಹಿಂಬಾಗಿಲು. ಅನ್ನನಾಳ ಹೃದಯದ ಬೆನ್ನಿಗೇ ಅಂಟಿಕೊಂಡಂತೆ ಇಳಿಯುತ್ತದೆ. ಎಡ ಹೃತ್ಕರ್ಣ, ಅಂದರೆ ಶ್ವಾಸಕೋಶದಿಂದ ರಕ್ತ ಬಂದು ಸೇರುವ ಹೃದಯದ ಮೇಲಿನ ಕೋಣೆ, ಅದಕ್ಕೆ ಒರಗಿಯೇ ಇದೆ. ನಡುವೆ ಮೂಳೆಯಿಲ್ಲ, ಶ್ವಾಸಕೋಶವಿಲ್ಲ. ದಾರಿ ಹತ್ತಿರವಾದಷ್ಟೂ ಹೆಚ್ಚಿನ ಕಂಪನಾಂಕದ ಶಬ್ದ ಬಳಸಬಹುದು, ಚಿತ್ರ ಅಷ್ಟು ಸೂಕ್ಷ್ಮವಾಗುತ್ತದೆ. ಮೆದು ಅಂಗಾಂಶದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ಹೋಗುತ್ತದೆ. ಕಂಪನಾಂಕ 5 ಮೆಗಾಹರ್ಟ್ಸ್ ಆದರೆ ಒಂದು ಅಲೆಯ ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಕವಾಟದ ದಳಕ್ಕೆ ಅಂಟಿಕೊಂಡ ಸಣ್ಣ ಗಂಟು, ದಳವನ್ನು ಹಿಡಿದಿಡುವ ಎಳೆ ಹರಿದದ್ದು ಎಲ್ಲವೂ ಈ ಅಳತೆಯಲ್ಲಿ ಕಾಣಸಿಗುತ್ತವೆ. ಅನ್ನನಾಳದ ದಾರಿಯನ್ನು ಹೃದಯ ನೋಡಲು ಬಳಸಿದ ಮೊದಲ ವರದಿ 1976ರದು. 1980ರ ದಶಕದ ಆರಂಭದಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಾಗುವ ಕೊಳವೆಯ ತುದಿಗೆ ಹಲವು ಹರಳುಗಳನ್ನು ಸಾಲಾಗಿ ಕೂರಿಸಿದ ಪ್ರೋಬ್ ಬಂದ ಮೇಲೆ ಅದು ಆಪರೇಷನ್ ಥಿಯೇಟರಿಗೆ ನಿಜಕ್ಕೂ ಕಾಲಿಟ್ಟಿತು. 1999ರಲ್ಲಿ ಅಮೆರಿಕದ ಎರಡು ವೈದ್ಯಕೀಯ ಸಂಘಗಳು ಸೇರಿ, ಪೂರ್ಣ ಪರೀಕ್ಷೆಗೆ 20 ನೋಟಗಳನ್ನು ನಿಗದಿ ಮಾಡಿದವು. 2013ರಲ್ಲಿ ಅದು 28 ಆಯಿತು. ವಿದ್ಯಾರ್ಥಿಗಳಿಗೆ ಇದನ್ನು ಬಾಯಿಪಾಠ ಮಾಡಿಸುವುದು ನನಗೆ ಅಷ್ಟೇನೂ ಇಷ್ಟವಿಲ್ಲದಿದ್ದರೂ, ಬಾಯಿಪಾಠವಾಗದವರು ಅವಸರದಲ್ಲಿ ಒಂದು ಮೂಲೆಯನ್ನು ಬಿಟ್ಟೇ ಬಿಡುತ್ತಾರೆ ಎಂಬುದೂ ನಿಜ.

ಈಗ ಕೆಲಸಕ್ಕೆ ಬರೋಣ. ರೋಗಿ ನಿದ್ದೆ ಹೋಗಿ, ಉಸಿರಿನ ನಳಿಕೆ ಕೂರಿಸಿದ ನಂತರದ ಕೆಲವು ನಿಮಿಷಗಳಲ್ಲಿ ಆ ದಿನದ ಚಿತ್ರದ ಹಣೆಬರಹ ಅರ್ಧ ನಿರ್ಧಾರವಾಗುತ್ತದೆ. ಮುಖಕ್ಕೆ ಮಾಸ್ಕ್ ಹಿಡಿದು ಗಾಳಿ ಕೊಡುವಾಗ ಅದರಲ್ಲಿ ಒಂದಿಷ್ಟು ಹೊಟ್ಟೆಗೂ ಹೋಗಿರುತ್ತದೆ. ಪ್ರೋಬ್ ಇಳಿಸುವ ಮುನ್ನ ಬಾಯಿಯ ಮೂಲಕ ಒಂದು ಅಗ್ಗದ ನಳಿಕೆಯನ್ನು ಹೊಟ್ಟೆಗೆ ಬಿಟ್ಟು ಆ ಗಾಳಿಯನ್ನು, ಇದ್ದರೆ ದ್ರವವನ್ನು, ಎಳೆದು ತೆಗೆದು ನಳಿಕೆಯನ್ನು ಹೊರತೆಗೆಯಬೇಕು. ಇದನ್ನು ಬಿಟ್ಟರೆ ಹೊಟ್ಟೆಯ ಕಡೆಯಿಂದ ಹೃದಯ ನೋಡುವ ನೋಟಗಳೆಲ್ಲ ಬಿಳಿ ಮಂಜು. ನಂತರ ಹಲ್ಲಿಗೆ ಗಾರ್ಡ್, ಪ್ರೋಬಿನ ತುದಿಗೆ ಧಾರಾಳವಾಗಿ ಜೆಲ್ಲಿ. ಪ್ರೋಬಿನ ಹಿಡಿಯಲ್ಲಿ ಎರಡು ಚಕ್ರಗಳಿವೆ: ದೊಡ್ಡದು ತುದಿಯನ್ನು ಮುಂದೆ ಹಿಂದೆ ಬಾಗಿಸುತ್ತದೆ, ಚಿಕ್ಕದು ಎಡಕ್ಕೆ ಬಲಕ್ಕೆ. ಇಳಿಸುವಾಗ ಎರಡೂ ಸಡಿಲವಾಗಿರಬೇಕು, ಲಾಕ್ ಹಾಕಿರಬಾರದು. ಎಡಗೈಯಿಂದ ದವಡೆಯನ್ನು ಮೇಲೆತ್ತಿ ಬಲಗೈಯಿಂದ ಪ್ರೋಬನ್ನು ನಾಲಿಗೆಯ ನಡುಗೆರೆಯಲ್ಲೇ ಇಳಿಸುತ್ತೇವೆ. ಗಂಟಲಿನ ತಿರುವಿನಲ್ಲಿ ಅದು ಒಂದು ಕ್ಷಣ ತಡೆದು, ಆಮೇಲೆ ತಾನಾಗಿ ಜಾರಿದಂತೆ ಕೈಗೆ ಗೊತ್ತಾಗುತ್ತದೆ. ಹಾಗೆ ಜಾರದಿದ್ದರೆ ನಿಲ್ಲಿಸಬೇಕು. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಹಾಕಿ ಕಣ್ಣಾರೆ ನೋಡಿ ಇಳಿಸಬೇಕು, ಇಲ್ಲವೇ ಕೈಬಿಡಬೇಕು. ಬಲ ಹಾಕುವ ಮಾತೇ ಇಲ್ಲ.

ಚಿತ್ರ ಬಂತು ಅನ್ನೋಣ. ಹೊಸಬರು ಮಾಡುವ ಮೊದಲ ಕೆಲಸ ಬೆಳಕು ಹೆಚ್ಚಿಸುವುದು. ಥಿಯೇಟರಿನ ದೀಪಗಳ ಪ್ರಖರತೆಯಲ್ಲಿ ಪರದೆ ಮಂಕಾಗಿ ಕಾಣುತ್ತದೆ, ಅದಕ್ಕೆ ಗೇನ್ ಏರಿಸುತ್ತಾರೆ, ಅಂದರೆ ಮರಳಿದ ಶಬ್ದವನ್ನು ಯಂತ್ರದಲ್ಲಿ ಹಿಗ್ಗಿಸುತ್ತಾರೆ. ಗೇನ್ ಏರಿದರೆ ರಕ್ತ ತುಂಬಿದ ಜಾಗವೂ ಬೂದುಬಣ್ಣಕ್ಕೆ ತಿರುಗಿ, ಇಲ್ಲದ ಹೆಪ್ಪು ಕಾಣುತ್ತದೆ, ಇರುವ ಹೆಪ್ಪು ಅಡಗುತ್ತದೆ. ಪರದೆಯನ್ನು ದೀಪಕ್ಕೆ ಬೆನ್ನು ಮಾಡಿ ತಿರುಗಿಸಿ ಅಥವಾ ನಮ್ಮ ತಲೆಯ ಮೇಲಿನ ದೀಪ ಆರಿಸಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಆಮೇಲೆ ಆಳ. ಕವಾಟ ಆರು ಸೆಂಟಿಮೀಟರಿನಲ್ಲಿದ್ದರೆ ಹದಿನೈದು ಸೆಂಟಿಮೀಟರ್ ಆಳದ ಚಿತ್ರ ಯಾಕೆ ಬೇಕು?

ಇದರ ಹಿಂದಿನ ಲೆಕ್ಕ ಸ್ವಾರಸ್ಯವಾಗಿದೆ, ದಯವಿಟ್ಟು ಸಹಿಸಿಕೊಳ್ಳಿ. ಹತ್ತು ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳಲು ಶಬ್ದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ 130 ಭಾಗದಷ್ಟು ಸಮಯ ಬೇಕು. ಒಂದು ಸಲ ಹೋಗಿ ಬಂದರೆ ಚಿತ್ರದ ಒಂದು ಗೆರೆ ಸಿಕ್ಕಿದಂತೆ. ನೂರು ಗೆರೆಗಳ ಒಂದು ಚಿತ್ರಕ್ಕೆ ಸೆಕೆಂಡಿನ ಸಾವಿರದಲ್ಲಿ 13 ಭಾಗ, ಅಂದರೆ ಸೆಕೆಂಡಿಗೆ ಸುಮಾರು 77 ಚಿತ್ರ. ಇಷ್ಟು ಧಾರಾಳವಾಯಿತು. ಈಗ ಮೂರು ಆಯಾಮದ ಚಿತ್ರ ಬೇಕೆಂದರೆ ಗೆರೆಗಳು ಉದ್ದಕ್ಕೂ ಅಗಲಕ್ಕೂ ಬೇಕು. ಅರವತ್ತು ಗುಣಿಸು ಅರವತ್ತು ಎಂದರೆ 3,600 ಗೆರೆ. ಒಂದೊಂದಾಗಿ ಕಳಿಸುತ್ತ ಕೂತರೆ ಸೆಕೆಂಡಿಗೆ ಎರಡೇ ಚಿತ್ರ! ನಿಮಿಷಕ್ಕೆ 80 ಸಲ ಬಡಿಯುವ ಹೃದಯಕ್ಕೆ ಒಂದು ಬಡಿತಕ್ಕೆ ಒಂದೂವರೆ ಚಿತ್ರ ಸಿಕ್ಕಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಶಬ್ದದ ವೇಗ ದೇಹ ಕೊಟ್ಟದ್ದು. ಯಾವ ಕಂಪನಿಯೂ ಅದನ್ನು ಹೆಚ್ಚಿಸಲಾರದು.

ಎಂಜಿನಿಯರುಗಳು ಇದಕ್ಕೆ ಉಪಾಯ ಮಾಡಿದ್ದಾರೆ. ಒಂದು ಸಲ ಕಳಿಸಿದ ಶಬ್ದದಿಂದ ಹಲವು ಗೆರೆಗಳನ್ನು ಒಟ್ಟಿಗೆ ಕೇಳಿಸಿಕೊಳ್ಳುವುದು ಒಂದು. ಹಳೆಯ ಪ್ರೋಬಿನಲ್ಲಿ 64 ಹರಳುಗಳಿದ್ದರೆ, 2007ರ ಸುಮಾರಿಗೆ ಬಂದ ಮೂರು ಆಯಾಮದ ಪ್ರೋಬಿನ ತುದಿಯಲ್ಲಿ ಅಂಥವು ಸುಮಾರು 2,500. ಇನ್ನೊಂದು ಉಪಾಯ, ಹೃದಯವನ್ನು ಹೋಳು ಹೋಳಾಗಿ ನಾಲ್ಕು ಬಡಿತಗಳಲ್ಲಿ ಹಿಡಿದು ಇಸಿಜಿಯ ಆಧಾರದಲ್ಲಿ ಜೋಡಿಸುವುದು. ಇಲ್ಲಿಗೆ ನಾವು ಮತ್ತೆ ಮನುಷ್ಯರ ಹೊಂದಾಣಿಕೆಗೇ ಬಂದೆವು, ನೋಡಿ. ಆ ನಾಲ್ಕು ಬಡಿತಗಳ ಹೊತ್ತು ವೆಂಟಿಲೇಟರ್ ನಿಂತಿರಬೇಕು, ಇಲ್ಲವಾದರೆ ಉಸಿರಿನ ಜೊತೆ ಹೃದಯ ಸರಿದು ಹೋಳುಗಳು ಹೊಂದುವುದಿಲ್ಲ. ಶಸ್ತ್ರಚಿಕಿತ್ಸಕರು ಕಾಟರಿ ಬಳಸಬಾರದು. ರಕ್ತಸ್ರಾವ ತಡೆಯಲು ಅಂಗಾಂಶ ಸುಡುವ ಆ ಉಪಕರಣ ಚಾಲೂ ಆದರೆ ಪರದೆಯ ತುಂಬ ಗೀಚು, ಇಸಿಜಿಯೂ ಕೆಡುತ್ತದೆ. ಯಾರೂ ಹೃದಯ ಮುಟ್ಟಬಾರದು. ಕೆಲವೇ ಸೆಕೆಂಡು. "ಸರ್, ಒಂದು ನಿಮಿಷ ಕಾಟರಿ ಬೇಡ" ಎಂದು ಕೇಳುವ ಧೈರ್ಯ ಅರಿವಳಿಕೆ ತಜ್ಞನಿಗೆ ಇರಬೇಕು, ಕೈ ತೆಗೆದು ನಿಲ್ಲುವ ತಾಳ್ಮೆ ಶಸ್ತ್ರಚಿಕಿತ್ಸಕರಿಗೆ ಇರಬೇಕು. ಇವೆರಡೂ ಇರುವ ಥಿಯೇಟರುಗಳಲ್ಲಿ ಸಾಧಾರಣ ಯಂತ್ರವೂ ಚೆನ್ನಾದ ಚಿತ್ರ ಕೊಡುವುದನ್ನು ಕಂಡಿದ್ದೇನೆ.

ನಮ್ಮ ಕಡೆ ಇದಕ್ಕೊಂದು ತೊಡಕಿದೆ. ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಮಂಗಳೂರು, ಮಣಿಪಾಲಕ್ಕೆ ಬರುವ ಕವಾಟದ ರೋಗಿಗಳಲ್ಲಿ ಚಿಕ್ಕಂದಿನ ಗಂಟಲು ಸೋಂಕಿನ ನಂತರ ಬಂದ ರುಮ್ಯಾಟಿಕ್ ಕಾಯಿಲೆಯವರು ಈಗಲೂ ಇದ್ದಾರೆ. ಎಡ ಹೃತ್ಕರ್ಣಕ್ಕೂ ದೇಹಕ್ಕೆ ರಕ್ತ ತಳ್ಳುವ ಕೆಳಗಿನ ಕೋಣೆಯಾದ ಎಡ ಹೃತ್ಕುಕ್ಷಿಗೂ ನಡುವಿನ ಮೈಟ್ರಲ್ ಕವಾಟ ದಪ್ಪಗಾಗಿ, ಕಿರಿದಾಗಿ, ಎಡ ಹೃತ್ಕರ್ಣ ಹಿಗ್ಗಿ ಬಡಿತ ಏರುಪೇರಾಗಿರುತ್ತದೆ. ಬಡಿತವೇ ತಾಳ ತಪ್ಪಿದ ಮೇಲೆ ನಾಲ್ಕು ಬಡಿತಗಳ ಹೋಳುಗಳನ್ನು ಜೋಡಿಸುವುದು ಹೇಗೆ? ಇಂಥವರಲ್ಲಿ ಚಿತ್ರದ ಅಗಲ ಕಡಿಮೆ ಮಾಡಿ, ಕವಾಟದ ಸುತ್ತಲಿನ ಭಾಗಕ್ಕಷ್ಟೇ ಸೀಮಿತಗೊಳಿಸಿ, ಒಂದೇ ಬಡಿತದಲ್ಲಿ ಸಿಕ್ಕಿದ್ದನ್ನು ನೋಡಬೇಕು. ಸುಣ್ಣಗಟ್ಟಿದ ದಳ ಶಬ್ದವನ್ನು ತಡೆದು ತನ್ನ ಹಿಂದೆ ಕಪ್ಪು ನೆರಳು ಚೆಲ್ಲುತ್ತದೆ. ನೆರಳಿನಲ್ಲಿರುವುದನ್ನು ನೋಡಲು ಬೇರೆ ಕೋನದಿಂದ, ಕೆಲವೊಮ್ಮೆ ಹೊಟ್ಟೆಯ ಕಡೆಯಿಂದ ಬರಬೇಕು. ಎಡ ಹೃತ್ಕರ್ಣದ ಮೂಲೆಯ ಪುಟ್ಟ ಚೀಲದಲ್ಲಿ ಹೆಪ್ಪು ಇದೆಯೇ ಎಂಬುದನ್ನಂತೂ ಹೃದಯಕ್ಕೆ ಯಾರೂ ಕೈ ಹಾಕುವ ಮೊದಲೇ ಹೇಳಿಬಿಡಬೇಕು.

ಸುಂದರವಾದ ಸುಳ್ಳು ಚಿತ್ರ ಎಂದೆನಲ್ಲ, ಅದಕ್ಕೀಗ ಬರುತ್ತೇನೆ. ನನ್ನ ಮಟ್ಟಿಗೆ ಇವತ್ತಿನ ಮಾತಿನಲ್ಲಿ ಮುಖ್ಯವಾದದ್ದು ಇದೇ.

ಮೈಟ್ರಲ್ ಕವಾಟ ಸೋರುವ ಒಬ್ಬರನ್ನು ನೆನೆಯಿರಿ. ಹೊರರೋಗಿ ವಿಭಾಗದಲ್ಲಿ ಎಚ್ಚರವಾಗಿ, ತುಸು ಗಾಬರಿಯಲ್ಲೇ ಮಲಗಿ ಎಕೋ ಮಾಡಿಸಿಕೊಂಡಾಗ ಅವರ ರಕ್ತದೊತ್ತಡ 140. ಸೋರಿಕೆ ಜೋರಾಗಿದೆ ಎಂದು ವರದಿ. ಈಗ ನಿದ್ದೆಯ ಔಷಧ ಕೊಟ್ಟಿದ್ದೇವೆ. ರಕ್ತನಾಳಗಳು ಸಡಿಲವಾಗಿ ಒತ್ತಡ 90ಕ್ಕೆ ಇಳಿದಿದೆ. ಹೃದಯಕ್ಕೆ ಮುಂದಕ್ಕೆ ರಕ್ತ ತಳ್ಳುವುದು ಸುಲಭವಾಯಿತು, ಹಿಂದಕ್ಕೆ ಸೋರುವುದು ಕಡಿಮೆಯಾಯಿತು. ಅದೇ ಮನುಷ್ಯ, ಅದೇ ಕವಾಟ, ಪರದೆಯಲ್ಲಿ ಮಾತ್ರ ಸೋರಿಕೆ ಅರ್ಧಕ್ಕಿಳಿದಂತೆ ಕಾಣುತ್ತದೆ. ಚಿತ್ರ ಸ್ಪಷ್ಟವಾಗಿದೆ, ಬಣ್ಣ ಚೆನ್ನಾಗಿದೆ, ಯಾವ ಗೀಚೂ ಇಲ್ಲ. ಅದನ್ನು ನಂಬಿ "ಇದಕ್ಕೇನೂ ಮಾಡಬೇಕಾಗಿಲ್ಲ" ಎಂದುಬಿಟ್ಟರೆ ಕೆಲವು ದಿನಗಳ ನಂತರ ಆ ಮನುಷ್ಯ ಮನೆಯ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾರೆ. ಹೃದಯ ಹಿಗ್ಗಿದ್ದರಿಂದ ಅಥವಾ ಹೃದಯಾಘಾತದ ನಂತರ ಶುರುವಾದ ಸೋರಿಕೆಯಲ್ಲಿ ಈ ಮೋಸ ಇನ್ನೂ ಹೆಚ್ಚು.

ಆದ್ದರಿಂದ ಪರೀಕ್ಷೆಗೆ ಮುನ್ನ ಒತ್ತಡವನ್ನು ರೋಗಿಯ ದಿನನಿತ್ಯದ ಮಟ್ಟಕ್ಕೆ ತರಬೇಕು. ರಕ್ತನಾಳ ಬಿಗಿಗೊಳಿಸುವ ಫಿನೈಲೆಫ್ರಿನ್‌ನಂಥ ಔಷಧ ಸ್ವಲ್ಪ, ಬೇಕಾದರೆ ಒಂದಿಷ್ಟು ದ್ರವ. ಆಮೇಲೆ ಬಣ್ಣದ ಪರೀಕ್ಷೆ, ಅಂದರೆ ಹರಿಯುವ ರಕ್ತವನ್ನು ಅದರ ದಿಕ್ಕು, ವೇಗಕ್ಕೆ ತಕ್ಕ ಬಣ್ಣದಲ್ಲಿ ತೋರಿಸುವುದು. ಬಣ್ಣದ ವೇಗಮಿತಿಯನ್ನು ಸೆಕೆಂಡಿಗೆ 50ರಿಂದ 60 ಸೆಂಟಿಮೀಟರಿನಲ್ಲಿ ಇಟ್ಟುಕೊಳ್ಳಬೇಕು. ಅದನ್ನು ಇಳಿಸಿದರೆ ಸಣ್ಣ ಸೋರಿಕೆಯೂ ದೊಡ್ಡದಾಗಿ ಕಾಣುತ್ತದೆ, ಏರಿಸಿದರೆ ದೊಡ್ಡದೂ ಕುಗ್ಗುತ್ತದೆ. ಪ್ರತಿ ಚಿತ್ರದ ಮೂಲೆಯಲ್ಲಿ ಆಗಿನ ರಕ್ತದೊತ್ತಡವನ್ನು ಬರೆದಿಡುವುದು ಒಳ್ಳೆಯದೆಂದು ನಾನು ಕಿರಿಯರಿಗೆ ಹೇಳುತ್ತೇನೆ. ಒತ್ತಡ ತಿಳಿಯದ ಸೋರಿಕೆಯ ಚಿತ್ರಕ್ಕೆ ಅರ್ಥವಿಲ್ಲ. ಹಾಗೆಂದು ಔಷಧ ಸುರಿದು ಒತ್ತಡವನ್ನು 180ಕ್ಕೆ ಏರಿಸಿ, ನೋಡಿ ಎಷ್ಟು ಸೋರುತ್ತಿದೆ ಎನ್ನುವುದೂ ಸರಿಯಲ್ಲ. ಕವಾಟಕ್ಕೆ ಕೈ ಹಾಕಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ ಎಚ್ಚರದ ಸ್ಥಿತಿಯ ಎಕೋಗೇ ಹೆಚ್ಚಿನ ತೂಕ. ಮೇಜಿನ ಮೇಲಿನ ಎಕೋ ಹೇಳಬೇಕಾದದ್ದು ಸೋರಿಕೆ ಎಲ್ಲಿಂದ, ಯಾಕೆ ಎಂಬುದನ್ನು. ಹಿಂದಿನ ದಳದ ನಡುಭಾಗ, ಅಂದರೆ ನಾವು ಪಿ-2 ಎನ್ನುವ ಭಾಗ, ಎಳೆ ಹರಿದು ಮೇಲಕ್ಕೆ ಹಾರುತ್ತಿದೆಯೇ? ಮೂರು ಆಯಾಮದ ಚಿತ್ರವನ್ನು, ಹೃದಯದಿಂದ ಇಡೀ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿ ಮೇಲಕ್ಕೆ ಬರುವಂತೆ ತಿರುಗಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಶಸ್ತ್ರಚಿಕಿತ್ಸಕರು ಕಣ್ಣಾರೆ ನೋಡಲಿರುವ ನೋಟವೇ ಪರದೆಯಲ್ಲಿ ಮುಂಚಿತವಾಗಿ ಬರುತ್ತದೆ. ಆಗ ಮಾತು ಬಹಳ ಸುಲಭ.

ವೇಗದ ಅಳತೆಯಲ್ಲೂ ಇಂಥದೇ ಮೋಸವಿದೆ. ಚಲಿಸುವ ವಸ್ತುವಿಗೆ ತಾಗಿ ಮರಳಿದ ಶಬ್ದದ ಕಂಪನಾಂಕ ಬದಲಾಗುವುದರಿಂದ ವೇಗ ತಿಳಿಸುವ ಡಾಪ್ಲರ್ ತತ್ವ 1842ರದು. ರಕ್ತದ ವೇಗ ಗೊತ್ತಾದರೆ ಅದನ್ನು ವರ್ಗ ಮಾಡಿ ನಾಲ್ಕರಿಂದ ಗುಣಿಸಿದರೆ ಕವಾಟದ ಎರಡು ಕಡೆಯ ಒತ್ತಡದ ವ್ಯತ್ಯಾಸ ಸಿಗುತ್ತದೆ. ಸೆಕೆಂಡಿಗೆ 4 ಮೀಟರ್ ಎಂದರೆ 64 ಮಿಲಿಮೀಟರ್ ಪಾದರಸ; ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾಗಿದೆ ಎಂದು ಅರ್ಥ. ಆದರೆ ಶಬ್ದದ ಗೆರೆ ರಕ್ತದ ಹರಿವಿಗೆ 60 ಡಿಗ್ರಿ ಓರೆಯಾಗಿದ್ದರೆ ಯಂತ್ರಕ್ಕೆ ಕಾಣುವ ವೇಗ ಅರ್ಧ, ಅಂದರೆ 2 ಮೀಟರ್. ಲೆಕ್ಕ ಹಾಕಿದರೆ 16. ಅರವತ್ತನಾಲ್ಕು ಎಲ್ಲಿ, ಹದಿನಾರು ಎಲ್ಲಿ! ಅನ್ನನಾಳದಿಂದ ನೋಡಿದರೆ ಈ ಕವಾಟದ ಹರಿವು ಹೆಚ್ಚುಕಡಿಮೆ ಅಡ್ಡಕ್ಕೇ ಇರುತ್ತದೆ. ನೇರ ಸಾಲಿಗೆ ಬರಬೇಕಾದರೆ ಪ್ರೋಬನ್ನು ಹೊಟ್ಟೆಯೊಳಗೆ ಆಳಕ್ಕೆ ಇಳಿಸಿ ತುದಿಯನ್ನು ಮೇಲಕ್ಕೆ ಬಾಗಿಸಿ ನೋಡಬೇಕು. ಬೆಳಿಗ್ಗೆ ಹೊಟ್ಟೆಯ ಗಾಳಿ ತೆಗೆಯದೆ ಬಿಟ್ಟವರಿಗೆ ಆ ನೋಟ ಸಿಗುವುದಿಲ್ಲ.

ಒಂದು ಜಾಗ ಮಾತ್ರ ಅನ್ನನಾಳದಿಂದ ಎಷ್ಟು ಹೆಣಗಿದರೂ ಕಾಣದು: ಮೇಲೇರುವ ಮಹಾಪಧಮನಿಯ ಮೇಲ್ಭಾಗ. ಶ್ವಾಸನಾಳ ಮತ್ತು ಅದರ ಎಡ ಕವಲು ನಡುವೆ ಬರುತ್ತವೆ, ಒಳಗೆಲ್ಲ ಗಾಳಿ. ದುರದೃಷ್ಟವೆಂದರೆ ಹಾರ್ಟ್-ಲಂಗ್ ಮೆಷಿನ್ನಿನ ನಳಿಕೆ ಚುಚ್ಚುವುದು, ಕ್ಲ್ಯಾಂಪ್ ಹಾಕುವುದು ಇದೇ ಭಾಗಕ್ಕೆ. ಅಲ್ಲಿ ಕೊಬ್ಬಿನ ಮೆದು ಪದರವಿದ್ದು ಚೂರು ಎದ್ದರೆ ನೇರ ಮೆದುಳಿಗೆ, ಅಂದರೆ ಪಾರ್ಶ್ವವಾಯು. ಬೆರಳಿನಿಂದ ಒತ್ತಿ ನೋಡಿದರೆ ಗಟ್ಟಿ ಸುಣ್ಣ ಸಿಗುತ್ತದೆ, ಮೆದು ಪದರ ಸಿಗುವುದಿಲ್ಲ. ಇದಕ್ಕೆ ಪರಿಹಾರ ಬಹಳ ಸರಳ. ಹೆಚ್ಚಿನ ಕಂಪನಾಂಕದ ಸಣ್ಣ ಪ್ರೋಬನ್ನು ಜೆಲ್ ತುಂಬಿದ ಕ್ರಿಮಿರಹಿತ ಚೀಲದಲ್ಲಿಟ್ಟು ಶಸ್ತ್ರಚಿಕಿತ್ಸಕರ ಕೈಗೇ ಕೊಡುವುದು. ಎದೆಯ ಗುಳಿಯಲ್ಲಿ ಬೆಚ್ಚಗಿನ ಉಪ್ಪುನೀರು ತುಂಬಿಸಿ, ಪ್ರೋಬನ್ನು ನಾಳಕ್ಕೆ ಒತ್ತದೆ ಒಂದು ಸೆಂಟಿಮೀಟರಿನಷ್ಟು ಮೇಲೆ ಹಿಡಿದರೆ ಗೋಡೆಯ ಪದರ ಪದರವೂ ಕಾಣುತ್ತದೆ. ಇದಕ್ಕೆ ಹಿಡಿಯುವುದು ಕೆಲವೇ ನಿಮಿಷ, ಮಾರ್ಗಸೂಚಿ 2007ರಿಂದ ಇದೆ, ಆದರೂ ವಯಸ್ಸಾದ ರೋಗಿಗಳಲ್ಲಿ ಸಹ ಅನೇಕ ಕಡೆ ಇದನ್ನು ಮಾಡುವುದಿಲ್ಲ. ಇದು ನನಗೆ ಅರ್ಥವಾಗದ ಸೋಮಾರಿತನ.

ಕವಾಟ ಹೊಲಿದು, ಹೃದಯ ಮುಚ್ಚಿದ ಮೇಲೆ ಎರಡನೇ ಅಂಕ. ತೆರೆದ ಹೃದಯದೊಳಗೆ ಗಾಳಿ ಹೊಕ್ಕಿರುತ್ತದೆ. ಪರದೆಯಲ್ಲಿ ಅದು ಬಿಳಿ ಚುಕ್ಕೆಗಳ ಮಳೆ. ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಿ, ಹೃತ್ಕರ್ಣದ ಚೀಲ, ಎಡ ಹೃತ್ಕುಕ್ಷಿಯ ತುದಿ, ಇವು ಗಾಳಿ ಅವಿತುಕೊಳ್ಳುವ ಜಾಗಗಳು. ರೋಗಿ ಅಂಗಾತ ಮಲಗಿರುವುದರಿಂದ ಹೃದಯದ ಸ್ನಾಯುವಿಗೇ ರಕ್ತ ಕೊಡುವ ಬಲ ಕರೊನರಿ ನಾಳದ ಬಾಯಿ ಮೇಲ್ಗಡೆಗೆ ಬರುತ್ತದೆ. ಗುಳ್ಳೆಗಳು ಮೊದಲು ಅಲ್ಲಿಗೇ ನುಗ್ಗುತ್ತವೆ. ಬಲ ಹೃದಯ ಇದ್ದಕ್ಕಿದ್ದಂತೆ ಸೋತು ಇಸಿಜಿ ಬದಲಾದರೆ ಔಷಧಕ್ಕೆ ಓಡುವ ಮುನ್ನ ಪರದೆ ನೋಡಬೇಕು. ಗಾಳಿಯ ಬದಲು ಬೇಗ ಕರಗುವ ಇಂಗಾಲದ ಡೈಆಕ್ಸೈಡನ್ನು ಎದೆಯ ಗುಳಿಗೆ ಹರಿಸುವುದು ಈ ಕಾರಣಕ್ಕೇ.

ಹೊಸ ಕವಾಟವನ್ನೂ ಆಗಲೇ ನೋಡಬೇಕು. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಚಿತ್ರಾ ಕವಾಟ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡದ್ದು. ಮೊದಲು ರೋಗಿಯೊಬ್ಬರಿಗೆ ಕೂರಿಸಿದ್ದು 1990ರ ಡಿಸೆಂಬರಿನಲ್ಲಿ. ಲೋಹದ ಚೌಕಟ್ಟಿನಲ್ಲಿ ವಾಲಿ ತೆರೆದುಕೊಳ್ಳುವ ಒಂದು ಬಿಲ್ಲೆ. ಆ ಬಿಲ್ಲೆ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತಿದೆಯೇ, ಉಳಿಸಿದ ಅಂಗಾಂಶದ ತುಣುಕು ಸಿಕ್ಕಿಕೊಂಡಿದೆಯೇ ಎಂದು ನೋಡುತ್ತೇವೆ. ಬಿಲ್ಲೆಯ ಅಂಚಿನಲ್ಲಿ ತೆಳುವಾಗಿ ಸೋರುವುದು ಕವಾಟದ ಸ್ವಭಾವವೇ, ಅದಕ್ಕೆ ಹೆದರಬೇಕಿಲ್ಲ. ಹೊಲಿಗೆಯ ಹೊರಗಿಂದ ಸೋರಿದರೆ ಅದು ಬೇರೆ ಮಾತು. ಲೋಹದ ನೆರಳು ಇಲ್ಲೂ ಕಾಡುತ್ತದೆ, ಎರಡು ಮೂರು ಕೋನಗಳಿಂದ ಸುತ್ತು ಹಾಕದೆ ಉತ್ತರ ಹೇಳಬಾರದು.

ಕವಾಟ ಬದಲಿಸದೆ ರಿಪೇರಿ ಮಾಡಿದ್ದರೆ ಕಣ್ಣು ಇನ್ನೂ ಚುರುಕಾಗಿರಬೇಕು. ಕೆಲವರಲ್ಲಿ ರಿಪೇರಿಯಾದ ಮುಂದಿನ ದಳ ಹೃದಯ ಕುಗ್ಗುವಾಗ ಮುಂದಕ್ಕೆ ಸೆಳೆದುಕೊಂಡು ರಕ್ತದ ಹೊರದಾರಿಗೆ ಅಡ್ಡ ನಿಲ್ಲುತ್ತದೆ. ಒತ್ತಡ ಬಿತ್ತೆಂದು ಹೃದಯವನ್ನು ಹುರಿದುಂಬಿಸುವ ಔಷಧ ಏರಿಸಿದರೆ ಅಡ್ಡಿ ಹೆಚ್ಚುತ್ತದೆ, ಒತ್ತಡ ಇನ್ನೂ ಬೀಳುತ್ತದೆ. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ: ಆ ಔಷಧ ನಿಲ್ಲಿಸಿ, ದ್ರವ ತುಂಬಿಸಿ, ರಕ್ತನಾಳ ಬಿಗಿಗೊಳಿಸಿ, ಬಡಿತ ನಿಧಾನಗೊಳಿಸಬೇಕು. ಬಹಳ ಮಂದಿಗೆ ಇಷ್ಟರಿಂದಲೇ ಸರಿಹೋಗುತ್ತದೆ. ಎಕೋ ಇಲ್ಲದೆ ಇದನ್ನು ಊಹಿಸುವುದು ಕಷ್ಟ. ಇಲ್ಲೂ ಸೋರಿಕೆಯ ಅಂತಿಮ ಪರೀಕ್ಷೆ ಸರಿಯಾದ ಒತ್ತಡದಲ್ಲೇ ಆಗಬೇಕು. ಮೇಲಿನ ಒತ್ತಡ 80 ಇರುವಾಗ "ಸೋರಿಕೆ ಇಲ್ಲ" ಎಂದು ಘೋಷಿಸುವುದು ಎಲ್ಲರಿಗೂ ಹಿತ, ಏಕೆಂದರೆ ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಪಂಪಿಗೆ, ಅಂದರೆ ಹಾರ್ಟ್-ಲಂಗ್ ಮೆಷಿನ್‌ಗೆ, ಹೋಗೋಣ ಎನ್ನುವ ಮಾತು ಯಾರಿಗೂ ಬೇಕಿರುವುದಿಲ್ಲ. ಅದನ್ನು ಹೇಳುವ ಕೆಲಸ ಎಕೋ ನೋಡುವವನದು. ಆಗ ಕೈಯಲ್ಲಿ ಗಟ್ಟಿ ಚಿತ್ರ ಇಲ್ಲದಿದ್ದರೆ ಮಾತಿಗೆ ಬಲವಿರುವುದಿಲ್ಲ.

ಕೃತಕ ಬುದ್ಧಿಮತ್ತೆ ಬಂದರೆ ಹೇಗೆ ಎಂದು ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಕೇಳಿದರು. ಬಂದಿದೆ. ಹೃತ್ಕುಕ್ಷಿಯ ಗಾತ್ರ ಅಳೆಯುವುದು, ಕವಾಟದ ಸುತ್ತಳತೆ ಗುರುತಿಸುವುದು, ಇಂಥ ಬೇಸರದ ಕೆಲಸವನ್ನು ಯಂತ್ರ ಬೇಗ ಮಾಡುತ್ತದೆ. ಕಾಟರಿ ನಿಲ್ಲಿಸಿ ಎಂದು ಅದು ಯಾರಿಗೂ ಹೇಳುವುದಿಲ್ಲ, ಹೊಟ್ಟೆಯ ಗಾಳಿಯನ್ನೂ ತೆಗೆಯುವುದಿಲ್ಲ.

ನಿವೃತ್ತ ಶಿಕ್ಷಕಿಯೊಬ್ಬರು ಅಪಾಯವಿಲ್ಲವೇ ಎಂದು ಕೇಳಿದರು. ಇದೆ, ಕಡಿಮೆ. ಅಮೆರಿಕದಲ್ಲಿ 7,200 ಹೃದಯ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೊಂದರೆಯಾದದ್ದು ಶೇಕಡ 0.2ರಷ್ಟು ಮಂದಿಗೆ, ಸಾವು ಇರಲಿಲ್ಲ. ಆಗುವ ತೊಂದರೆಗಳಲ್ಲಿ ಹೆಚ್ಚಿನವು ಗಂಟಲು ನೋವು, ಹಲ್ಲಿಗೆ ಪೆಟ್ಟಿನಂಥವು; ಅನ್ನನಾಳಕ್ಕೆ ತೂತಾಗುವುದು ಬಲು ಅಪರೂಪ, ಆದರೆ ಹಾಗಾದಲ್ಲಿ ಗಂಭೀರ. ಹೃದಯ ಪಂಪಿನ ಮೇಲಿರುವಾಗ ಚಿತ್ರ ಬೇಕಿರುವುದಿಲ್ಲ. ಆಗ ಪ್ರೋಬನ್ನು ಸ್ತಬ್ಧಗೊಳಿಸಿ, ತುದಿಯ ಬಾಗು ಸಡಿಲಿಸಿ ಇಡುತ್ತೇವೆ, ಬಿಸಿಯೂ ಒತ್ತಡವೂ ಒಂದೇ ಕಡೆ ಬೀಳದಿರಲಿ ಎಂದು. ನೀವು ಮಾಡಬೇಕಾದದ್ದೂ ಇದೆ. ನುಂಗುವಾಗ ಅನ್ನ ಸಿಕ್ಕಿಕೊಳ್ಳುತ್ತದೆಯೇ, ಅನ್ನನಾಳಕ್ಕೆ ಹಿಂದೆ ಆಪರೇಷನ್ ಆಗಿದೆಯೇ, ರಕ್ತ ವಾಂತಿಯಾಗಿದೆಯೇ, ಅಲುಗಾಡುವ ಹಲ್ಲು ಅಥವಾ ಕಟ್ಟಿಸಿದ ಹಲ್ಲು ಇದೆಯೇ ಎಂಬುದನ್ನು ಹಿಂದಿನ ಸಂಜೆಯೇ ಹೇಳಿಬಿಡಿ. ಹೃದಯಕ್ಕೂ ಹಲ್ಲಿಗೂ ಏನು ಸಂಬಂಧ ಎಂದು ಸುಮ್ಮನಿರುವವರು ಬಹಳ. ಮನೆಗೆ ಹೋದ ಮೇಲೆ ನುಂಗುವಾಗ ಎದೆ ನೋವು, ಜೊತೆಗೆ ಜ್ವರ ಬಂದರೆ ಗಾಯದ ನೋವೆಂದು ಸುಮ್ಮನಿರದೆ ಬಂದು ತೋರಿಸಿ.

ಕೊನೆಯ ಪ್ರಶ್ನೆ ಮುಂದಿನ ಸಾಲಿನಿಂದ ಬಂತು: ಎಲ್ಲ ಹೃದಯದ ಆಪರೇಷನ್ನಿಗೂ ಇದು ಬೇಕೇ? ಹೃದಯದೊಳಗೆ ಕೈ ಹಾಕುವ ದೊಡ್ಡವರ ಆಪರೇಷನ್‌ಗಳಲ್ಲಿ, ಎದೆಯ ಮಹಾಪಧಮನಿಯ ಆಪರೇಷನ್‌ಗಳಲ್ಲಿ, ಅಡ್ಡಿಯೇನೂ ಇಲ್ಲದಿದ್ದರೆ ಮಾಡಬೇಕು ಎಂದು ಅಮೆರಿಕದ ಅರಿವಳಿಕೆ ತಜ್ಞರ 2010ರ ಮಾರ್ಗಸೂಚಿ ಹೇಳುತ್ತದೆ. ಬರೀ ಬೈಪಾಸ್ ಆದರೆ ಯೋಚಿಸಿ ನಿರ್ಧರಿಸಬಹುದು; ಹೃದಯ ಸೋತಿದ್ದರೆ ನಾನಂತೂ ಬಿಡುವುದಿಲ್ಲ. ಮಕ್ಕಳಿಗೆ ಚಿಕ್ಕ ಪ್ರೋಬ್ ಇದೆ. ಅದೂ ಹಿಡಿಸದಷ್ಟು ಪುಟ್ಟ ಮಗುವಾದರೆ ಕ್ರಿಮಿರಹಿತ ಚೀಲದಲ್ಲಿಟ್ಟ ಪ್ರೋಬನ್ನು ಶಸ್ತ್ರಚಿಕಿತ್ಸಕರೇ ಹೃದಯದ ಮೇಲೆ ಹಗುರವಾಗಿ ಹಿಡಿಯುತ್ತಾರೆ, ನಾವು ಪಕ್ಕದಲ್ಲಿ ನಿಂತು ಯಂತ್ರ ನೋಡಿಕೊಳ್ಳುತ್ತೇವೆ.